ಒರಿಜಿನಲ್ ಹುಚ್ಚಿಗೆ ಜೀಪಿನ ಮುಂಗಾಲು ಬಲಿ

ಹಳೇ ಜೀಪಿನ ವಿಷಯದಲ್ಲಿ ‘ಒರಿಜಿನಲ್’ ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ನನಗೆ ಮೈ ಉರಿಯುತ್ತೆ. ಇದನ್ನ ಓದಿ ‘ಇವನಿಗೆ ಹಳೇ ಗಾಡಿ ಕಂಡ್ರೆ ಆಗಲ್ಲ’ ಅಂದ್ಕೋಬೇಡಿ. ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತಿರೋದು 1964ರ ಹೈ ಬಾನೆಟ್ ಜೀಪು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇವತ್ತಿಗೂ ಗೊಬ್ಬರ, ಕಾಫಿ ಚೀಲ, ಪಂಪ್‌ಸೆಟ್ಟು, ಮದುವೆ ಮನೆ ಪಾತ್ರೆ, ಜ್ವರ ಬಂದ ಮಕ್ಕಳು, ಎಲ್ಲಾ ಅದರಲ್ಲೇ ಹೋಗೋದು. ಅದರ ಇಂಜಿನ್ ಬೇರೆ (ಆರ್‌ಸಿಯಲ್ಲಿ ಬರೆಸಿದೆ, ಗಾಬರಿ ಬೇಡ), ಸೀಟು ಬೇರೆ, ಮುಂದಿನ ಆಕ್ಸಲ್ಲು ಯಾವುದೋ ಹರಾಜಲ್ಲಿ ಬಂದ ಇನ್ನೊಂದು ಜೀಪಿಂದು. ಇದನ್ನ ನೋಡಿದ ಬೆಂಗಳೂರಿನ ಒಬ್ಬ ಹುಡುಗ ‘ಅಯ್ಯೋ, ಹಾಳ್ ಮಾಡ್ಬಿಟ್ಟಿದೀರಲ್ಲ ಅಂಕಲ್’ ಅಂದ. ಹಾಳಾಗಿರೋದು ಯಾವುದು, ಹಾಳು ಮಾಡ್ತಿರೋರು ಯಾರು ಅಂತ ಅವತ್ತೇ ಕೇಳಬೇಕಿತ್ತು. ಮನೆಗೆ ಬಂದವರ ಹತ್ರ ಜಗಳ ಯಾಕೆ ಅಂತ ಕಾಫಿ ಕೊಟ್ಟು ಕಳಿಸಿದೆ. ಈಗ ಕೇಳ್ತಿದೀನಿ.

ಕೆಲವು ವರ್ಷದಿಂದ ನಮ್ಮ ಕಡೆ, ಅಂದ್ರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಸುತ್ತಮುತ್ತ, ಶನಿವಾರ ಭಾನುವಾರ ಬಂತಂದ್ರೆ ಒಂದು ಹೊಸ ಥರದ ಗಿರಾಕಿಗಳು ಕಾಣಿಸ್ಕೊಳ್ತಾರೆ. ಇವರಿಗೆ ತೋಟ ಬೇಡ, ಮೆಣಸು ಬೇಡ, ಜೇನುತುಪ್ಪ ಬೇಡ. ಜೀಪು ಎಲ್ಲಿ ನಿಂತಿದೆ ಅಂತ ಕೇಳ್ತಾರೆ. ಕೇಳಿ, ಬಾನೆಟ್ ಎತ್ತಿಸೋದೂ ಇಲ್ಲ, ಸ್ಟಾರ್ಟ್ ಮಾಡಿ ಅನ್ನೋದೂ ಇಲ್ಲ. ನೇರವಾಗಿ ಮಣ್ಣಲ್ಲಿ ಮಂಡಿಯೂರಿ, ಮೊಬೈಲ್ ಟಾರ್ಚ್ ಹಾಕ್ಕೊಂಡು, ಮುಂದಿನ ಆಕ್ಸಲ್ ನೋಡ್ತಾರೆ. ಕೆಸರು ಕೆರೆದು ನಂಬರ್ ಹುಡುಕ್ತಾರೆ. ಆಮೇಲೆ ಎದ್ದು ಕೈ ಒರೆಸ್ಕೊಂಡು, ‘ಪೂರ್ತಿ ಗಾಡಿ ಕೊಡ್ತೀರಾ, ಇಲ್ಲಾ ಆಕ್ಸಲ್ ಮಾತ್ರನಾ?’

ಈ ಪ್ರಶ್ನೆ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಫೋರ್ ವೀಲ್ ಜೀಪಿನ ಮುಂದಿನ ಆಕ್ಸಲ್ ಅಂದ್ರೆ ಬರೀ ಚಕ್ರ ಹಿಡಿದಿರೋ ಕಬ್ಬಿಣದ ತೊಲೆ ಅಲ್ಲ. ಅದರ ಹೊಟ್ಟೆಯೊಳಗೆ ಕ್ರೌನ್ ವೀಲು ಪಿನಿಯನ್ನು ಇವೆ, ಎರಡೂ ತುದಿಗೆ ತಿರುಗುವಾಗಲೂ ಶಕ್ತಿ ದಾಟಿಸೋ ಜಾಯಿಂಟ್ ಇವೆ, ಅದನ್ನ ಮುಚ್ಚಿರೋ ಗುಂಡನೆಯ ನಕಲ್ ಇದೆ. ಹಿಂದಿನ ಚಕ್ರ ಕೆಸರಲ್ಲಿ ಸುಮ್ಮನೆ ಸುತ್ತುವಾಗ ಗಾಡೀನ ಮುಂದಕ್ಕೆ ಎಳೆಯೋದು ಇದು. ಟೂ ವೀಲ್ ಜೀಪಿಗೂ ಮುಂದೆ ಒಂದು ಆಕ್ಸಲ್ ಇರುತ್ತೆ, ಆದರೆ ಒಳಗೆ ಏನೂ ಇಲ್ಲ, ಚಕ್ರ ಉರುಳುತ್ತೆ ಅಷ್ಟೇ. ಎರಡಕ್ಕೂ ಕೆಳಗೆ ಕಮಾನು ಪಟ್ಟಿ, ಯು ಬೋಲ್ಟು. ಎಂಟು ನಟ್ಟು ಬಿಚ್ಚಿ, ಬ್ರೇಕ್ ಪೈಪು, ಸ್ಟೇರಿಂಗ್ ರಾಡು, ಶಾಫ್ಟು ಕಳಚಿದರೆ ಒಂದು ಹೋಗಿ ಇನ್ನೊಂದು ಕೂರುತ್ತೆ. ಗೊತ್ತಿದ್ದವರು ಒಂದೇ ದಿನದಲ್ಲಿ ಮುಗಿಸ್ತಾರೆ. ಹೊರಗಿಂದ ನೋಡಿದವರಿಗೆ ಜೀಪು ಹಂಗೇ ಇರುತ್ತೆ. ಮುಂಗಾಲು ಮಾತ್ರ ಸತ್ತಿರುತ್ತೆ.

ಹಾನುಬಾಳು ಕಡೆ ನಮಗೆ ಪರಿಚಯದ ಒಬ್ಬರು ಹಿರಿಯರಿದ್ದಾರೆ. ಮಕ್ಕಳು ಹೊರಗೆ ಕೆಲಸದಲ್ಲಿದ್ದಾರೆ, ಇಲ್ಲಿ ಇವರೂ ಹೆಂಡತಿಯೂ ಇಬ್ಬರೇ. ಅವರ ಜೀಪಿಗೆ ಬಂದ ಗಿರಾಕಿ ಆಕ್ಸಲ್ ಒಂದಕ್ಕೇ ಹೇಳಿದ ರೇಟು ಕೇಳಿ ಅವರಿಗೂ ಆಸೆಯಾಯ್ತು. ತಪ್ಪಲ್ಲ, ಆ ವರ್ಷ ಬೋರರ್ ಹೊಡೆದು ಅರೇಬಿಕಾ ಗಿಡ ಕಿತ್ತು ಹಾಕಿದ್ದರು. ‘ನಿಮಗ್ಯಾಕೆ ಸಾರ್ ಈಗ ಫೋರ್ ವೀಲು, ರಸ್ತೆ ಎಲ್ಲಾ ಡಾಂಬರ್ ಆಗಿದೆ, ಡೀಸೆಲ್ಲೂ ಉಳಿಯುತ್ತೆ’ ಅಂತ ಬಂದವನು ಪುಕ್ಕಟೆ ಬುದ್ಧಿನೂ ಹೇಳಿದ. ಟೂ ವೀಲ್ ಜೀಪಿನ ಆಕ್ಸಲ್ ಅವನೇ ತಂದು ಹಾಕಿಸಿ ಕೊಟ್ಟು ಹೋದ. ಡಾಂಬರು ಆಗಿರೋದು ಊರ ಗೇಟಿನ ತನಕ. ಗೇಟಿಂದ ಲೈನ್ ಮನೆಗೆ ಅರ್ಧ ಮೈಲಿ ಏರು, ಜಂಬಿಟ್ಟಿಗೆ ಮಣ್ಣು. ಆಷಾಢದಲ್ಲಿ ಒಂದು ರಾತ್ರಿ ಲೈನ್ ಮನೆಯ ಒಬ್ಬ ಹೆಣ್ಣಾಳಿಗೆ ಹೆರಿಗೆ ನೋವು ಶುರುವಾಯ್ತು. ಜೀಪು ಆ ಏರು ಹತ್ತಲಿಲ್ಲ. ಅಲ್ಲೇ ಅಡ್ಡಡ್ಡ ಜಾರಿ ಚರಂಡಿಗೆ ಕೂತ್ಕೊಳ್ತು. ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಕೆಳಗಿಳಿಸಿದರು. ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಅದು ಜೀಪಿನ ಪುಣ್ಯದಿಂದ ಅಲ್ಲ, ಆ ನಾಲ್ಕು ಜನರ ಭುಜದಿಂದ.

ಅವರ ಆಕ್ಸಲ್ ಈಗ ಎಲ್ಲಿದೆ? ನನಗೆ ತಿಳಿದ ಮಟ್ಟಿಗೆ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ, ಮಿಲಿಟರಿ ಹಸಿರು ಬಣ್ಣ ಹೊಡೆಸ್ಕೊಂಡು, ತಿಂಗಳಿಗೊಂದು ಭಾನುವಾರ ರ‍್ಯಾಲಿಗೆ ಹೋಗೋ ಜೀಪಿನ ಕೆಳಗಿದೆ. ಆ ಜೀಪಿನ ಚಕ್ರಕ್ಕೆ ಮಣ್ಣು ತಾಗಿದರೆ ಅವತ್ತೇ ನೀರು ಹೊಡೆದು ತೊಳೀತಾರೆ. ಫೋರ್ ವೀಲ್ ಲಿವರು ಎಳೆಯೋದು ಫೋಟೋ ತೆಗೆಯೋವಾಗ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತ ಗಾದೆ. ಇಲ್ಲಿ ಕಡಲೆ ತಿನ್ನದವನು ದುಡ್ಡು ಕೊಟ್ಟು ಇನ್ನೊಬ್ಬನ ಹಲ್ಲು ಕೀಳಿಸ್ಕೊಂಡು ಹೋಗಿದಾನೆ.

ಇದಕ್ಕೆ ಅವರು ಕೊಡೋ ಸಮಜಾಯಿಷಿ ಏನು? ಒರಿಜಿನಲ್ ಆಗಿರಬೇಕು. 1944ರ ಜೀಪಿಗೆ 1944ರದ್ದೇ ಆಕ್ಸಲ್ ಇರಬೇಕು. ಸರಿ ಸ್ವಾಮಿ, ಹಾಗಾದ್ರೆ 1944ಕ್ಕೇ ಹೋಗೋಣ.

ಜೀಪು ಹುಟ್ಟಿದ್ದೇ ಬದಲಾಯಿಸ್ಕೊಳ್ಳೋಕೆ. 1940ರಲ್ಲಿ ಅಮೆರಿಕದ ಸೈನ್ಯ ಇಂಥದ್ದೊಂದು ಸಣ್ಣ ಗಾಡಿ ಬೇಕು ಅಂದಾಗ ಮೊದಲು ಮಾಡಿ ಕೊಟ್ಟಿದ್ದು ಪೆನ್ಸಿಲ್ವೇನಿಯಾದ ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ. ಆಮೇಲೆ ದೊಡ್ಡ ಆರ್ಡರು ಹೋಗಿದ್ದು ಟೊಲೀಡೋದ ವಿಲ್ಲಿಸ್ ಕಂಪನಿಗೆ. ಅವರೊಬ್ಬರಿಂದ ಸಾಕಾಗಲ್ಲ ಅಂತ ಅದೇ ನಕ್ಷೆ ಫೋರ್ಡ್ ಕೈಗೂ ಕೊಟ್ಟರು. ಷರತ್ತು ಒಂದೇ: ಇವರ ಪಾರ್ಟು ಅವರ ಗಾಡಿಗೆ, ಅವರ ಪಾರ್ಟು ಇವರ ಗಾಡಿಗೆ ಕೂರಬೇಕು. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಹೊರಗೆ ಬಿಟ್ಟಿದ್ದರು. ಬರ್ಮಾ ಗಡಿಯ ಕಾಡಲ್ಲಿ ಒಂದು ಜೀಪು ಗುಂಡಿಗೆ ಬಿದ್ದು ಹಿಂಭಾಗ ಅಪ್ಪಚ್ಚಿಯಾದರೆ, ಅದರ ಮುಂದಿನ ಆಕ್ಸಲ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ಅವತ್ತೇ ಓಡಿಸಬೇಕಿತ್ತು. ಮುಂದಿನ ಆಕ್ಸಲ್ಲಿನ ತುದಿಯ ಜಾಯಿಂಟ್ ಕೂಡ ಒಂದೇ ತರಹದ್ದಲ್ಲ. ಬೆಂಡಿಕ್ಸ್, ಝೆಪ್ಪಾ, ಟ್ರ್ಯಾಕ್ಟಾ, ಸ್ಪೈಸರ್ ಅಂತ ನಾಲ್ಕು ಬಗೆ ಇದ್ದವು, ಯಾವುದು ಸಿಕ್ಕಿತೋ ಅದನ್ನ ಕಾರ್ಖಾನೆಯಲ್ಲೇ ಹಾಕಿ ಕಳಿಸಿದರು. ಫೋರ್ಡಿನವರು ಮಾತ್ರ ತಮ್ಮ ಪಾರ್ಟಿಗೆಲ್ಲ, ಬೋಲ್ಟಿನ ತಲೆಗೂ ಬಿಡದೆ, ‘ಎಫ್’ ಅಂತ ಮುದ್ರೆ ಒತ್ತಿದರು. ಆ ಒಂದಕ್ಷರ ಇವತ್ತು ಎಂಥಾ ತಲೆಕೆಡಿಸಿದೆ ಅಂದ್ರೆ, ‘ಎಫ್’ ಇರೋ ಬೋಲ್ಟಿಗಾಗಿ ಜನ ಊರೂರು ಅಲೀತಾರೆ. ಗುಜರಿಯಲ್ಲಿ ನನಗೊಬ್ಬ ತೋರಿಸಿದ ಬೋಲ್ಟಿನ ಮೈ ಪೂರ್ತಿ ತುಕ್ಕು, ‘ಎಫ್’ ಮಾತ್ರ ನಿನ್ನೆ ಹೊಡೆದಷ್ಟು ಹೊಳೀತಿತ್ತು. ನಕ್ಕು ವಾಪಸ್ ಕೊಟ್ಟೆ.

ನಮ್ಮ ದೇಶದ ಕಥೆ ಇನ್ನೂ ಕಲಬೆರಕೆ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಬಂದ ಜೀಪುಗಳನ್ನ ತೋಟದವರು, ಕಂಟ್ರಾಕ್ಟರುಗಳು ಕೊಂಡ್ರು. ಆಮೇಲೆ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲಿಸ್ ಲೈಸೆನ್ಸಲ್ಲಿ ಜೋಡಿಸೋಕೆ ಶುರು ಮಾಡಿದರು. ಹೈ ಬಾನೆಟ್ ಅನ್ನೋದು 1953ರಲ್ಲಿ ಅಮೆರಿಕದಲ್ಲಿ ಬಂದ ಮಾದರಿ. ಹೊಸ ಇಂಜಿನ್ ಎತ್ತರವಾಗಿತ್ತು, ಅದಕ್ಕೆ ಬಾನೆಟ್ಟೂ ಎತ್ತರವಾಯ್ತು, ಅಷ್ಟೇ ರಹಸ್ಯ. ಅಲ್ಲಿ 1968ಕ್ಕೆ ನಿಂತ ಮೇಲೂ ಇಲ್ಲಿ ವರ್ಷಗಟ್ಟಲೆ ಅದೇ ಬಂತು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಇಂಜಿನ್ ಕೂರಿಸಿದರು. ಬ್ರೇಕ್ ಸಾಲದು ಅಂತ ಆಕ್ಸಲ್ ಬದಲಾಯಿಸಿದರು. ಮೇಜರ್, ಕಮಾಂಡರ್, ಎಂಎಂ 540, ಯಾವುದು ಸಿಗುತ್ತೋ ಅದರ ಪಾರ್ಟು ಇದಕ್ಕೆ. ಹೀಗೆ ಬದಲಾಯಿಸಿದ್ದಕ್ಕೇ ಈ ಗಾಡಿಗಳು ಅರವತ್ತು ಎಪ್ಪತ್ತು ವರ್ಷ ಉಳಿದಿರೋದು. ನಮ್ಮಪ್ಪನಂಥವರು ಒರಿಜಿನಲ್ ಅಂತ ಹಿಡ್ಕೊಂಡು ಕೂತಿದ್ದರೆ ಈಗ ಬೇಸ್‌ಮೆಂಟಿಗೆ ಕೊಂಡೊಯ್ಯೋಕೆ ಒಂದು ಜೀಪೂ ಉಳೀತಿರಲಿಲ್ಲ. ಎಂದೋ ಕರಗಿಸಿ ಕಟ್ಟಡದ ಕಂಬಿ ಮಾಡಿರ್ತಿದ್ದರು.

ಆಕ್ಸಲ್ ಬದಲಾಯಿಸೋದು ಪಾಪ ಅಂತ ನಾನು ಹೇಳ್ತಿಲ್ಲ, ಉಲ್ಟಾ ಹೇಳ್ತಿದೀನಿ. ದುಡಿಯೋ ಜೀಪಿಗೆ ಒಳ್ಳೇ ಆಕ್ಸಲ್ ಹಾಕೋದು ಪುಣ್ಯದ ಕೆಲಸ. ಅದನ್ನ ಸರಿಯಾಗಿ ಮಾಡಬೇಕು. ಈ ಮಾತು ನಮ್ಮ ಕಡೆಯ ಕೆಲವು ಗ್ಯಾರೇಜಿನವರಿಗೂ ತಾಗಲಿ ಅಂತಲೇ ಬರೀತಿದೀನಿ, ಯಾಕಂದ್ರೆ ಒರಿಜಿನಲ್ ಹುಚ್ಚಿನವರು ಆಕ್ಸಲ್ ಕಿತ್ತುಕೊಂಡು ಹೋದರೆ, ಇವರು ತಪ್ಪು ಆಕ್ಸಲ್ ಹಾಕಿ ‘ಫೋರ್ ವೀಲ್ ಇದೆ ಸಾರ್, ಆರಾಮಾಗಿ ಹೋಗಿ’ ಅಂತಾರೆ.

ಹಲ್ಲಿನ ಲೆಕ್ಕ ನೋಡಿ. ಯುದ್ಧಕಾಲದ ವಿಲ್ಲಿಸ್ ಆಕ್ಸಲ್ಲಿನ ರೇಷಿಯೋ 4.88, ಅಂದ್ರೆ ಪಿನಿಯನ್ನಿಗೆ 8 ಹಲ್ಲು, ಕ್ರೌನ್ ವೀಲಿಗೆ 39. ಆಮೇಲೆ ರೈತರಿಗೆ, ಸಾರ್ವಜನಿಕರಿಗೆ ಅಂತ ಬಂದ ಜೀಪುಗಳದ್ದು 5.38, ಅಂದ್ರೆ 8ಕ್ಕೆ 43. ಹೊರಗಿಂದ ನೋಡಿದರೆ ಹೌಸಿಂಗ್ ಎರಡೂ ಅಣ್ಣ ತಮ್ಮಂದಿರ ಥರ. ಹಿಂದೆ 43 ಇರೋ ಜೀಪಿಗೆ ಮುಂದೆ 39ರದ್ದು ಹಾಕಿದರೆ ಕೂರುತ್ತೆ, ತಿರುಗುತ್ತೆ, ಗ್ಯಾರೇಜಿನ ಮುಂದೆ ಒಂದು ರೌಂಡು ಚೆನ್ನಾಗೇ ಓಡುತ್ತೆ. ಫೋರ್ ವೀಲ್ ಲಿವರ್ ಎಳೆದಾಗ ಗೊತ್ತಾಗುತ್ತೆ. ಎರಡೂ ಶಾಫ್ಟು ಒಂದೇ ವೇಗಕ್ಕೆ ಸುತ್ತುತ್ತವೆ, ಮುಂದಿನ ಚಕ್ರ ಮಾತ್ರ ಹಿಂದಿನದಕ್ಕಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ಓಡಬೇಕು ಅನ್ನುತ್ತೆ. ಗಾಡಿ 100 ಮೀಟರ್ ಹೋಗುವಷ್ಟರಲ್ಲಿ ಹತ್ತು ಮೀಟರಿನ ಜಗಳ. ಕೆಸರಲ್ಲಿ ಚಕ್ರ ಜಾರಿ ಆ ಜಗಳ ಹೇಗೋ ತೀರುತ್ತೆ. ಗಟ್ಟಿ ನೆಲದಲ್ಲಿ ತೀರಲ್ಲ, ಎಲ್ಲಾ ಒಳಗೇ ಬಿಗೀತಾ ಹೋಗುತ್ತೆ. ಮೊದಲು ಲಿವರ್ ವಾಪಸ್ ಬರಲ್ಲ, ಸ್ಟೇರಿಂಗ್ ಬಿಗಿಯುತ್ತೆ, ಆಮೇಲೆ ಟ್ರಾನ್ಸ್‌ಫರ್ ಕೇಸಲ್ಲಿ ‘ಕಟ್’ ಅಂತ ಶಬ್ದ. ಕೊಡಚಾದ್ರಿ ದಾರಿಯಲ್ಲಿ ಜೀಪಲ್ಲಿ ಕೂತು ಹೋದವರು ಒಂದ್ಸಲ ಆ ತಿರುವುಗಳನ್ನ ನೆನಪು ಮಾಡ್ಕೊಳ್ಳಿ. ಅಂಥ ಕಡೆ ಸ್ಟೇರಿಂಗ್ ಮಾತು ಕೇಳದೆ ಹೋದರೆ?

ಇದನ್ನ ಪತ್ತೆ ಮಾಡೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಆಕ್ಸಲ್ಲಿನ ಒಂದು ಚಕ್ರ ನೆಲದ ಮೇಲಿರಲಿ, ಇನ್ನೊಂದನ್ನ ಜಾಕ್ ಮೇಲೆ ಎತ್ತಿ. ಶಾಫ್ಟು ಸರಾಗ ತಿರುಗೋ ಹಾಗೆ ಗೇರು ನ್ಯೂಟ್ರಲ್‌ನಲ್ಲಿರಲಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟಿರಿ. ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೀರಿ. ಎತ್ತಿದ ಚಕ್ರವನ್ನ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟು ಐದಕ್ಕೆ ಸ್ವಲ್ಪ ಕಮ್ಮಿ ಸುತ್ತಿದರೆ 4.88, ಐದು ದಾಟಿ ಇನ್ನೊಂದು ಕಾಲು ಸುತ್ತಿಗಿಂತ ಜಾಸ್ತಿ ಹೋದರೆ 5.38. ಹಿಂದಿನದಕ್ಕೂ ಹೀಗೇ ನೋಡಿ. ಐದು ನಿಮಿಷದ ಕೆಲಸ. ಇಷ್ಟು ಮಾಡದೆ ಆಕ್ಸಲ್ ಮಾರೋನು ಕಳ್ಳ, ಇಷ್ಟು ಮಾಡದೆ ಕೊಳ್ಳೋನು ಬೆಪ್ಪ. ಟ್ರಾನ್ಸ್‌ಫರ್ ಕೇಸಿಂದ ಶಾಫ್ಟು ಯಾವ ಕಡೆಗೆ ಹೊರಡುತ್ತೋ ಆಕ್ಸಲ್ಲಿನ ಡಿಫರೆನ್ಷಿಯಲ್ಲೂ ಅದೇ ಕಡೆ ಇರಬೇಕು ಅನ್ನೋದಂತೂ ಕಣ್ಣಿಗೇ ಕಾಣುತ್ತೆ. ಅದನ್ನೂ ನೋಡದೆ ಶಾಫ್ಟನ್ನ ಸೊಟ್ಟಗೆ ಕೂರಿಸಿರೋ ಗಾಡಿಗಳಿವೆ, ನೋಡಿದೀನಿ.

ಇನ್ನು ಬ್ರೇಕು. ಹಳೇ ಜೀಪಿನ ಡ್ರಮ್ಮು 9 ಇಂಚಿಂದು. ಎರಡು ಕ್ವಿಂಟಾಲ್ ಮೆಣಸು, ಮೇಲೆ ಆರು ಜನ ತುಂಬ್ಕೊಂಡು ಬಿಸಿಲೆ ಘಾಟಿ ಇಳಿಯೋವಾಗ ಆ ಡ್ರಮ್ಮು ಏನಾಗುತ್ತೆ ಅಂತ ಮೂಗಿಗೇ ಗೊತ್ತಾಗುತ್ತೆ. ಹಾಗಾಗಿ ಡಿಸ್ಕ್ ಬ್ರೇಕ್ ಇರೋ ಹೊಸ ಆಕ್ಸಲ್ ಹಾಕಿಸ್ತೀನಿ ಅನ್ನೋರಿಗೆ ನನ್ನದು ಪೂರ್ತಿ ಬೆಂಬಲ. ಆದರೆ ಆಕ್ಸಲ್ ಜೊತೆಗೆ ಮಾಸ್ಟರ್ ಸಿಲಿಂಡರನ್ನೂ ಬದಲಾಯಿಸಿ ಅಂತ ಯಾಕೆ ಯಾರೂ ಹೇಳಲ್ಲ? ಡ್ರಮ್ ಬ್ರೇಕಿನ ಹಳೇ ಸಿಲಿಂಡರು ಕಾಲು ತೆಗೆದ ಮೇಲೂ ಪೈಪಲ್ಲಿ ಸ್ವಲ್ಪ ಒತ್ತಡ ಹಿಡಿದಿಟ್ಟಿರುತ್ತೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಅದೇ ಶತ್ರು. ಪ್ಯಾಡು ಸದಾ ಉಜ್ಜುತ್ತಾ ಇದ್ದು ಕಾಯ್ದು ಕೆಂಪಾಗುತ್ತೆ. ಹಣ ಉಳಿಸಿದ್ದು ಆ ಸಿಲಿಂಡರಿನ ಬೆಲೆ, ಪಣಕ್ಕಿಟ್ಟಿದ್ದು ಹಿಂದಿನ ಸೀಟಲ್ಲಿ ಕೂತವರ ಜೀವ.

‘ಪಾರ್ಟ್ ಸಿಗಲ್ಲ, ಅದಕ್ಕೇ ಇನ್ನೊಂದು ಜೀಪು ಬಿಚ್ಚಬೇಕಾಗುತ್ತೆ’ ಅನ್ನೋದು ಒರಿಜಿನಲ್‌ನವರ ಎರಡನೇ ವಾದ. ಇದು ಅರ್ಧ ಸುಳ್ಳಲ್ಲ, ಮುಕ್ಕಾಲು ಸುಳ್ಳು. ನಕಲ್ ಅಲ್ಲಾಡ್ತಿದೆ, ಸ್ಟೇರಿಂಗ್ ಗಡಗಡ ಅನ್ನುತ್ತೆ, ಆಕ್ಸಲ್ಲೇ ಹೋಯ್ತು ಅಂತ ಎಷ್ಟೋ ಜನ ಬದಲಿ ಆಕ್ಸಲ್ ಹುಡುಕೋಕೆ ಹೊರಡ್ತಾರೆ. ಹೋಗಿರೋದು ಕಿಂಗ್ ಪಿನ್ ಬೇರಿಂಗು. ಅದರ ನಂಬರ್ ಕೋನ್ 11590, ಕಪ್ 11520. ಚಕ್ರದ ಬೇರಿಂಗು ಕೋನ್ 18590, ಕಪ್ 18520. ಇವು ಯಾವುದೋ ದೇವರ ಗುಡಿಯಲ್ಲಿ ಬೀಗ ಹಾಕಿಟ್ಟಿರೋ ವಸ್ತುಗಳಲ್ಲ, ನಂಬರಿನ ಮೇಲೆ ನಡೆಯೋ ಬೇರಿಂಗ್‌ಗಳು. ಜೀಪು ಅಂತ ಕೇಳಬೇಡಿ, ನಂಬರ್ ಬರೆದು ಕೊಡಿ. ‘ವಿಂಟೇಜ್ ಜೀಪಿಂದು ಇದೆಯಾ’ ಅಂತ ಕೇಳಿದ್ರೋ, ಅಂಗಡಿಯವನು ನಿಮ್ಮ ಮುಖ ನೋಡಿ, ಬೂಟು ನೋಡಿ, ರೇಟು ಹೇಳ್ತಾನೆ.

ಹೊಸ ಬೇರಿಂಗ್ ಹಾಕಿದ ಮೇಲೆ ಶಿಮ್ ಕೂರಿಸೋದು ಒಂದು ಕಲೆ. ನಮ್ಮ ಮೇಸ್ತ್ರಿ ಹತ್ರ ಹಳೇ ಸ್ಪ್ರಿಂಗ್ ತಕ್ಕಡಿ ಒಂದಿದೆ, ಮೀನಿನ ಅಂಗಡಿಯವರು ಹಿಡ್ಕೊಳ್ತಾರಲ್ಲ ಅಂಥದ್ದು. ಚಕ್ರ, ಆಯಿಲ್ ಸೀಲು ಏನೂ ಇಲ್ಲದ ಬರೀ ನಕಲ್ಲಿನ ತೋಳಿಗೆ ಕೊಕ್ಕೆ ಸಿಕ್ಕಿಸಿ ಎಳೀತಾರೆ. ಮುಳ್ಳು ಎಷ್ಟಕ್ಕೆ ಬಂದಾಗ ನಕಲ್ ಕದಲುತ್ತೆ ಅಂತ ನೋಡಿ ಒಂದು ಶಿಮ್ ತೆಗೀತಾರೆ, ಮತ್ತೆ ಎಳೀತಾರೆ. ‘ಇಷ್ಟೆಲ್ಲಾ ಯಾಕೆ ಮೇಸ್ತ್ರೀ, ಕೈಯಲ್ಲಿ ನೋಡಿದ್ರೆ ಗೊತ್ತಾಗಲ್ವಾ?’ ಅಂದೆ ಒಂದ್ಸಲ. ‘ಗೌಡ್ರೇ, ನೀವು ಮೆಣಸು ಮಾರೋವಾಗ ಕೈಯಲ್ಲಿ ತೂಗಿ ಕೊಡ್ತೀರಾ?’ ಅಂದ್ರು. ಈ ಕೆಲಸ ಗೊತ್ತಿರೋರು ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಪಾರ್ಟ್ ಸಿಗಲ್ಲ ಅಂತ ಅಳೋರು ಇವರ ಹತ್ರ ಒಬ್ಬ ಹುಡುಗನ್ನ ಕೆಲಸ ಕಲಿಯೋಕೆ ಬಿಟ್ಟಿದ್ದನ್ನ ನಾನಂತೂ ಕಂಡಿಲ್ಲ.

ಗುಜರಿಗೆ ಹೋಗೋದೇ ಆದರೆ ಅದಕ್ಕೂ ದಾರಿ ಇದೆ. ಬೆಂಗಳೂರಲ್ಲಿ ಜೆ.ಸಿ. ರೋಡು ಹೊಸ ಪಾರ್ಟಿಗೆ, ಶಿವಾಜಿನಗರ ಹಳೇ ಪಾರ್ಟಿಗೆ. ಕೊಯಮತ್ತೂರಿನ ಉಕ್ಕಡಂ, ಚೆನ್ನೈನ ಪುದುಪೇಟೆ, ದಿಲ್ಲಿಯ ಮಾಯಾಪುರಿ ಎಲ್ಲಾ ಗುಜರಿಗೆ ಹೆಸರಾದ ಜಾಗಗಳೇ. ಹರಿಯಾಣ–ಪಂಜಾಬ್ ಗಡಿಯ ಮಂಡಿ ಡಬ್ವಾಲಿಯಲ್ಲಂತೂ ಮಿಲಿಟರಿ ಹರಾಜಿನ ಸಾಮಾನು, ಹೊಸ ತಗಡು ಎಲ್ಲಾ ಸೇರಿಸಿ ಜೀಪನ್ನೇ ಕಟ್ಟಿ ಕೊಡ್ತಾರೆ. ಅವರ ಕೈಗೆ ನಮಸ್ಕಾರ. ಇಲ್ಲೆಲ್ಲ ಸಿಗೋ ಆಕ್ಸಲ್ಲುಗಳು ಸತ್ತ ಗಾಡಿಗಳವು. ಅಪಘಾತದಲ್ಲಿ ಹೋದದ್ದು, ಚಾಸಿ ತುಕ್ಕು ಹಿಡಿದು ಮುರಿದದ್ದು, ಹರಾಜಲ್ಲಿ ಬಿದ್ದದ್ದು. ಸತ್ತದ್ದರಿಂದ ತಗೊಂಡು ಬದುಕಿರೋದಕ್ಕೆ ಹಾಕೋದು ಇದರ ನೀತಿ. ಅಲ್ಲಿಗೆ ಹೋಗಿ, ಎಣ್ಣೆ ಕೆಸರಲ್ಲಿ ಕೈ ಹಾಕಿ, ನೂರು ಆಕ್ಸಲ್ ಮಗುಚಿ, ಹಲ್ಲು ಎಣಿಸಿ, ಒಂದು ಆರಿಸ್ಕೊಳ್ಳೋಕೆ ತಾಳ್ಮೆ ಬೇಕು. ಅದಿಲ್ಲದವರು ಸಕಲೇಶಪುರಕ್ಕೆ ಬರ್ತಾರೆ. ಇಲ್ಲಿ ಬದುಕಿರೋ ಜೀಪಿನ ಕೆಳಗಿರೋದು ಗ್ರೀಸ್ ಕಂಡಿರುತ್ತೆ, ಆಯಿಲ್ ಕಂಡಿರುತ್ತೆ, ಮೂವತ್ತು ವರ್ಷ ಒಬ್ಬರೇ ನೋಡ್ಕೊಂಡಿರ್ತಾರೆ. ಅವರಿಗೆ ಬೇಕಿರೋದು ಪಾರ್ಟಲ್ಲ, ಇನ್ನೊಬ್ಬರ ಮೂವತ್ತು ವರ್ಷದ ಆರೈಕೆ.

ಕಾನೂನಾದರೂ ಇವರ ಪರ ಇದೆಯಾ ಅಂದ್ರೆ ಅದೂ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತ ಬೇರೆ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಲ್ಲಿ ‘ವಿಎ’ ಅಂತ ಬರುತ್ತೆ. ಮೂಲ ರೂಪ ಕೆಡಿಸಿದ ಹಾಗೆ ಯಾವಾಗ ಅಂದ್ರೆ ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ಭಾರೀ ಬದಲಾವಣೆ ಮಾಡಿದಾಗ ಅಂತ ಆ ನಿಯಮ ಹೇಳುತ್ತೆ. ಆಕ್ಸಲ್ಲಿನ ಹೆಸರನ್ನ ಅದು ಎತ್ತಿಲ್ಲ. ಸರ್ಕಾರವೇ ಹೆಸರು ಹಿಡಿದು ಕೇಳದ್ದನ್ನ ಇವರು ಧರ್ಮಗ್ರಂಥದ ಥರ ಹಿಡ್ಕೊಂಡಿದ್ದಾರೆ. ಅದೇ ನಿಯಮದ ಪ್ರಕಾರ ವಿಂಟೇಜ್ ಆದ ಗಾಡೀನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಬಂಕು, ಇಂಥದ್ದಕ್ಕೆ ಮಾತ್ರ. ನಮ್ಮ ಜೀಪುಗಳು ಗೊಬ್ಬರ ಹೊರಬೇಕು, ಹಾಗಾಗಿ ಆ ಗೌರವ ನಮಗೆ ಬೇಡ. ನಮಗಿರೋದು ಇನ್ನೊಂದು ಕಿಟಕಿ: 15 ವರ್ಷ ದಾಟಿದ ಕಾರು, ಜೀಪಿನ ನೋಂದಣಿಯನ್ನ ಐದು ವರ್ಷಕ್ಕೊಮ್ಮೆ ನವೀಕರಿಸೋದು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. ಗಾಡಿ ಪರೀಕ್ಷೆಗೆ ನಿಲ್ಲಬೇಕು, ಬ್ರೇಕ್ ಹಿಡೀಬೇಕು, ಸ್ಟೇರಿಂಗ್ ಅಲ್ಲಾಡಬಾರದು. ಮೋಟಾರು ವಾಹನ ಕಾಯ್ದೆಯ ಕಲಂ 52ರ ಸಾರ ಏನಂದ್ರೆ ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ತಾಳೆ ಇರಬೇಕು. ಹೀಗೆ ದುಡಿಯೋ ಜೀಪಿಗೆ ಎಲ್ಲಾ ಪರೀಕ್ಷೆ, ಎಲ್ಲಾ ಶುಲ್ಕ. ಅದರ ಹೊಟ್ಟೆಯೊಳಗಿನ ಸಾಮಾನು ಮಾತ್ರ ಬೇಸ್‌ಮೆಂಟಿಗೆ.

‘ಹಾಗಾದ್ರೆ ಮ್ಯೂಸಿಯಂಗಳು ಬೇಡವಾ, ಇತಿಹಾಸ ಉಳಿಸಬಾರದಾ?’ ಅಂತ ಕೇಳೋರಿದ್ದಾರೆ. ಬೇಕು. ಧರ್ಮಸ್ಥಳಕ್ಕೆ ಹೋದಾಗಲೆಲ್ಲ ಅಲ್ಲಿನ ಹಳೇ ಕಾರುಗಳ ಸಂಗ್ರಹದ ಮುಂದೆ ನಾನೂ ಮಕ್ಕಳ ಥರ ನಿಂತು ನೋಡಿದವನೇ. ನಿಜವಾಗಿ ಯುದ್ಧ ಕಂಡ, ಕಾಗದಪತ್ರ ಇರೋ ಒಂದು ಜೀಪು ಇದ್ದ ಹಾಗೇ ಉಳೀಲಿ, ಯಾರು ಬೇಡ ಅಂದ್ರು? ಆದರೆ ಇತಿಹಾಸ ಅಂದ್ರೆ ಆ ಜೀಪಿನ ಜೊತೆ ಬಂದದ್ದು. ಹಾನುಬಾಳಿನ ಆಕ್ಸಲ್ಲು, ಇನ್ನೆಲ್ಲಿಂದಲೋ ತಂದ ಬಾಡಿ, ಹೊಸದಾಗಿ ಹೊಡೆದ ‘ಎಫ್’, ಮೇಲೆ ಬಿಳೀ ನಕ್ಷತ್ರ, ಇಷ್ಟನ್ನೂ ಸೇರಿಸಿ ‘1944 ಒರಿಜಿನಲ್’ ಅಂತ ಬೋರ್ಡು ಹಾಕಿದರೆ ಅದು ಇತಿಹಾಸ ಅಲ್ಲ, ನಾಟಕದ ಸೀನರಿ. ನನ್ನ ಜೀಪಿಗಿಂತ ಅದರಲ್ಲಿ ಬದಲಾಗಿರೋದೇ ಜಾಸ್ತಿ. ನನ್ನದು ಹೇಳ್ಕೊಳ್ಳುತ್ತೆ, ಅದು ಮುಚ್ಚಿಡುತ್ತೆ, ಅಷ್ಟೇ ವ್ಯತ್ಯಾಸ.

ಇಷ್ಟಾದ ಮೇಲೂ ತೋರಿಸೋ ಜೀಪಿನ ಕೆಳಗೆ ಹಳೇ ಹೌಸಿಂಗೇ ಕಾಣಬೇಕು ಅನ್ನೋರಿಗೆ ಒಂದು ದಾರಿ ಹೇಳ್ತೀನಿ. ನಿಮ್ಮ ಜೀಪು ಫೋರ್ ವೀಲ್‌ಗೆ ಬೀಳೋದೇ ಇಲ್ಲ ತಾನೇ? ಹಾಗಾದ್ರೆ ಒಳಗೆ ಹಲ್ಲು ಇದ್ದರೇನು, ಸವೆದಿದ್ದರೇನು? ಕ್ರೌನ್ ಹೋದ, ಪಿನಿಯನ್ ಮುರಿದ ಹೌಸಿಂಗ್ ತಗೊಳ್ಳಿ. ಕಿಂಗ್ ಪಿನ್, ಚಕ್ರದ ಬೇರಿಂಗು, ಬ್ರೇಕು ಮಾತ್ರ ಹೊಸದಾಗಿ ಮಾಡಿಸಿ, ಮುಂದಿನ ಶಾಫ್ಟು ಬಿಚ್ಚಿಟ್ಟು ಓಡಿಸಿ. ಹೊರಗಿಂದ ನಂಬರ್ ಕಾಣುತ್ತೆ, ಮುದ್ರೆ ಕಾಣುತ್ತೆ, ಬಣ್ಣ ಹೊಡೆದರೆ ಹೊಳೆಯುತ್ತೆ. ಜಡ್ಜುಗಳು ಕ್ರೌನ್ ವೀಲಿನ ಹಲ್ಲು ಎಣಿಸಿ ಮಾರ್ಕ್ಸ್ ಕೊಟ್ಟಿದ್ದನ್ನ ನಾನು ನೋಡಿಲ್ಲ. ಹಲ್ಲು ಗಟ್ಟಿ ಇರೋ ಆಕ್ಸಲ್ಲು ಮಣ್ಣಿನ ದಾರಿ ಇರೋರಿಗೆ ಇರಲಿ.

ತೋಟದವರಿಗೂ ಒಂದು ಮಾತಿದೆ. ರೇಟು ಕೇಳಿ ತಲೆ ತಿರುಗೋದು ಸಹಜ, ಕಷ್ಟ ಇದ್ದವರು ಮಾರ್ತಾರೆ, ಅದನ್ನ ಬೈಯೋ ಯೋಗ್ಯತೆ ಯಾರಿಗೂ ಇಲ್ಲ. ಆದರೆ ಮಾರೋ ಮುಂಚೆ ಪೂರ್ತಿ ಲೆಕ್ಕ ಹಾಕಿ. ಮತ್ತೆ ಒಂದು ಒಳ್ಳೇ ಆಕ್ಸಲ್ ಬೇಕಾದರೆ ಕೊಟ್ಟ ರೇಟಿಗೆ ಸಿಗಲ್ಲ. ಮಾರಲೇಬೇಕು ಅಂದ್ರೆ ಪೂರ್ತಿ ಜೀಪು ಮಾರಿ, ಅದೂ ಓಡಿಸೋರಿಗೆ ಮಾರಿ. ಟೂ ವೀಲ್ ಆಕ್ಸಲ್ ಪುಕ್ಕಟೆ ಹಾಕಿಸಿ ಕೊಡ್ತೀನಿ ಅಂದವನ ಹತ್ರ, ಮಳೆಗಾಲದ ಒಂದು ರಾತ್ರಿ ಫೋನ್ ಮಾಡಿದರೆ ಬರ್ತೀಯಾ ಅಂತ ನಂಬರ್ ಇಸ್ಕೊಳ್ಳಿ.

ಅಂದಹಾಗೆ ನಮ್ಮ ಶೆಡ್ಡಿನ ಹಿಂದೆ ಅಂಥ ಒಂದು ಹೌಸಿಂಗ್ ಬಿದ್ದಿದೆ. ನಮ್ಮ ಜೀಪಿಂದೇ, ಅಪ್ಪನ ಕಾಲದಲ್ಲಿ ಬಿಚ್ಚಿದ್ದು. ಪಿನಿಯನ್ನಿನ ಎರಡು ಹಲ್ಲು ಹಾರಿದೆ, ಒಂದು ಕಡೆಯ ಜಾಯಿಂಟ್ ಇಲ್ಲ, ಮೇಲೆ ಪಾಚಿ ಕಟ್ಟಿದೆ. ಆದರೆ ಒರಿಜಿನಲ್, ಬೇಕಾದರೆ ನಂಬರ್ ಕೆರೆದು ನೋಡ್ಕೊಳ್ಳಿ. ಗುಜರಿ ತೂಕಕ್ಕೆ ಕೊಡ್ತೀನಿ. ಎತ್ತೋಕೆ ನಾಲ್ಕು ಜನ ಬೇಕು, ನೀವೇ ಕರ್ಕೊಂಡು ಬನ್ನಿ. ಮಳೆಗಾಲದಲ್ಲಿ ಬಂದರೆ ಕಾರನ್ನ ಗೇಟಿನ ಹತ್ರವೇ ಬಿಡಿ, ಒಳಗಿನ ಏರು ಹತ್ತಲ್ಲ. ಅಲ್ಲಿಂದ ನಮ್ಮ ಜೀಪಲ್ಲಿ ಕರ್ಕೊಂಡು ಬರ್ತೀನಿ.